‘4ನೇ ಇನ್‌ಸ್ಟಂಟ್’ ಅಂದರೆ ಯಾವ ತಿಂಗಳು?

ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಊರಿನ, ಮನೆತನದ ಇತಿಹಾಸ ಹುಡುಕುವವರು ಪದೇ ಪದೇ ಎಡವುವುದು ‘ಇನ್‌ಸ್ಟಂಟ್’ ಎಂಬ ಪುಟ್ಟ ಪದದಲ್ಲಿ. ಇಂದು ಅದಕ್ಕೆ ದಿಢೀರ್ ಎಂಬ ಅರ್ಥ. ಅಂದಿನ ವರದಿಗಾರನ ಕೈಯಲ್ಲಿ, ತಾರೀಖಿನ ಪಕ್ಕ ಬಂದರೆ, ‘ಈ ತಿಂಗಳು’. 17ನೇ ಶತಮಾನದ ಲಂಡನ್ ಜಾಹೀರಾತುಗಳಲ್ಲಿ ಅದರ ತುಂಬುರೂಪ ಸಿಗುತ್ತದೆ: ‘ದಿಸ್ ಇನ್‌ಸ್ಟಂಟ್ ಜೂನ್’, ಅಂದರೆ ನಡೆಯುತ್ತಿರುವ ಈ ಜೂನ್. ಮುಂದೆ ತಿಂಗಳ ಹೆಸರೂ ಬಿತ್ತು, ‘ದಿಸ್’ ಕೂಡ ಬಿತ್ತು, ಉಳಿದದ್ದು ‘ಇನ್‌ಸ್ಟ್.’ ಎಂಬ ತುಂಡು. ಕಳೆದ ತಿಂಗಳಿಗೆ ‘ಅಲ್ಟಿಮೊ’, ಬರುವ ತಿಂಗಳಿಗೆ ‘ಪ್ರಾಕ್ಸಿಮೊ’ ಅದರ ಒಡನಾಡಿಗಳು.

ಅರ್ಥ ತಿಳಿದ ಮೇಲೂ ತಾರೀಖು ತಪ್ಪುತ್ತದೆ. ‘ಈ ತಿಂಗಳು’ ಅಂದರೆ ಯಾರ ತಿಂಗಳು? ಬರೆದವನದು. ಪತ್ರಿಕೆಯ ನೆತ್ತಿಯ ಮೇಲಿನ ತಾರೀಖಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಶ್ರೀರಂಗಪಟ್ಟಣವನ್ನೇ ನೋಡಿ. ಕೋಟೆ ಬಿದ್ದದ್ದು 1799ರ ಮೇ 4ರಂದು. ಬ್ರಿಟಿಷ್ ಸೇನೆಯ ದಂಡನಾಯಕ ಜನರಲ್ ಹ್ಯಾರಿಸ್ ಅಂದೇ ಒಂದು ಅವಸರದ ಚೀಟಿ ಕಳಿಸಿ, ಮೇ 7ರಂದು ವಿವರವಾದ ವರದಿ ಬರೆದ. ಆ ವರದಿ ‘4ನೇ ಇನ್‌ಸ್ಟಂಟ್’ನ ಚೀಟಿಯನ್ನು ನೆನಪಿಸುತ್ತಲೇ ಶುರುವಾಗುತ್ತದೆ. ಸುದ್ದಿ ಲಂಡನ್ ಮುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಇಂಥ ಪತ್ರವನ್ನು ಸೆಪ್ಟೆಂಬರಿನ ಪತ್ರಿಕೆಯಲ್ಲಿ ಕಂಡು, ನೆತ್ತಿಯ ತಾರೀಖು ಹಿಡಿದು ಲೆಕ್ಕ ಹಾಕಿದರೆ ಟಿಪ್ಪು ಸುಲ್ತಾನ್ ನಾಲ್ಕು ತಿಂಗಳು ಹೆಚ್ಚು ಬದುಕುತ್ತಾನೆ!

ಆದ್ದರಿಂದ ಪದ ಕಂಡ ಜಾಗದಿಂದ ಮೇಲಕ್ಕೆ ಕಣ್ಣಾಡಿಸಿ, ಹತ್ತಿರದ ಊರು–ತಾರೀಖಿನ ಸಾಲನ್ನು ಹಿಡಿಯಬೇಕು. ಪತ್ರವಾದರೆ ಆ ಸಾಲು ಕೆಳಗೆ, ಸಹಿಯ ಪಕ್ಕದಲ್ಲೂ ಇರಬಹುದು. ‘ಮದ್ರಾಸ್ ಕೊರಿಯರ್‌ನಿಂದ’ ಎಂದು ಎತ್ತಿ ಅಚ್ಚುಹಾಕಿದ ಸುದ್ದಿಯಾದರೆ ಮೂಲ ಪತ್ರಿಕೆಯ ತಿಂಗಳೇ ಲೆಕ್ಕಕ್ಕೆ. ವಾರದ ಹೆಸರು ಕೊಟ್ಟಿದ್ದರೆ ತಾಳೆ ನೋಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ: 1799ರ ಮೇ 4 ಶನಿವಾರ, ಸೆಪ್ಟೆಂಬರ್ 4 ಬುಧವಾರ.

ಅಲ್ಟಿಮೊದಲ್ಲಿ ಬೇರೆ ತೊಡಕು. ಜನವರಿ 2ರ ಪತ್ರದಲ್ಲಿ ‘28ನೇ ಅಲ್ಟಿಮೊ’ ಎಂದಿದ್ದರೆ ಘಟನೆ ಐದೇ ದಿನ ಹಿಂದಿನದು, ಆದರೆ ಇಸವಿ ಹಿಂದಿನ ವರ್ಷದ್ದು. ಸೂಚಿ ತಯಾರಿಸುವಾಗ ಇಸವಿ ಬದಲಿಸಲು ಮರೆಯುವುದು ಇಲ್ಲೇ.

1752ಕ್ಕೆ ಮುಂಚಿನ ಲಂಡನ್ ಪತ್ರಿಕೆಗಳಲ್ಲಿ ಇನ್ನೂ ಎಚ್ಚರ ಬೇಕು. 18ನೇ ಶತಮಾನದ ಆ ವರ್ಷಗಳಲ್ಲಿ ಇಂಗ್ಲೆಂಡಿನ ಕ್ಯಾಲೆಂಡರ್ ಯುರೋಪಿನ ಹೆಚ್ಚಿನ ಭಾಗಕ್ಕಿಂತ 11 ದಿನ ಹಿಂದಿತ್ತು. ನೆದರ್ಲೆಂಡ್ಸ್‌ನ ಹೇಗ್ ನಗರದಿಂದ ಜೂನ್ 5ರಂದು ಬರೆದ ಪತ್ರದ ದಿನ ಲಂಡನ್ನಿನಲ್ಲಿ ಮೇ 25. ಪತ್ರದೊಳಗಿನ ‘ಇನ್‌ಸ್ಟಂಟ್’ ಸೂಚಿಸುವ ಜೂನ್ ತಿಂಗಳು ಓದುಗನ ಊರಿನಲ್ಲಿ ಇನ್ನೂ ಹುಟ್ಟಿಯೇ ಇಲ್ಲ.

ಡಿಜಿಟಲ್ ಸಂಗ್ರಹಗಳಲ್ಲಿ ಹುಡುಕುವವರಿಗೆ ಒಂದು ಉಪಾಯ. 18ನೇ ಶತಮಾನದ ಅಚ್ಚಿನಲ್ಲಿ ‘ಎಸ್’ ಅಕ್ಷರ ಉದ್ದವಾಗಿ, ‘ಎಫ್’ನಂತೆ ಕಾಣುತ್ತದೆ. ಅಕ್ಷರ ಗುರುತಿಸುವ ಯಂತ್ರ ‘ಇನ್‌ಸ್ಟ್’ ಅನ್ನು ಐ-ಎನ್-ಎಫ್-ಟಿ ಎಂದು ಓದಿಬಿಡುತ್ತದೆ. ಹುಡುಕು ಪೆಟ್ಟಿಗೆಯಲ್ಲಿ ಆ ತಪ್ಪು ಕಾಗುಣಿತವನ್ನೂ ಹಾಕಿ ನೋಡಿ. ಅಡಗಿದ್ದ ಸುದ್ದಿಗಳು ಹೊರಬರುತ್ತವೆ. ನಕಲು ಮಾಡುವಾಗ ಮೂಲಪದ ಹಾಗೇ ಇರಲಿ. ನೀವು ಬಿಡಿಸಿದ ತಾರೀಖನ್ನು ಚೌಕ ಕಂಸದಲ್ಲಿ ಕೊಟ್ಟು, ಯಾವ ಸಾಲಿನಿಂದ ಬಿಡಿಸಿದಿರಿ ಎಂಬುದನ್ನೂ ಬರೆದಿಡಿ.

ಇಂಗ್ಲಿಷ್ ಪತ್ರಿಕೆಗಳು ಈ ಬಳಕೆಯನ್ನು ಎಂದೋ ಕೈಬಿಟ್ಟವು. ಕನ್ನಡ ಪತ್ರಿಕೆಗಳ ‘ಇದೇ 14ರಂದು ಸಭೆ’ ಎಂಬ ಸಾಲು ಮಾತ್ರ ಇವತ್ತಿಗೂ ಅದೇ ಕೆಲಸ ಮಾಡುತ್ತಿದೆ. ಕತ್ತರಿಸಿಟ್ಟ ತುಣುಕಿನಲ್ಲಿ ಅಷ್ಟೇ ಇದ್ದರೆ ಯಾವ ತಿಂಗಳೂ ಆಗಬಹುದು. ‘ಇದೇ 14ರ ಭಾನುವಾರ’ ಎಂದಿದ್ದರೆ ಸಾಧ್ಯತೆ ಇಳಿಯುತ್ತದೆ: ಅಂಥ ದಿನ ಒಂದು ವರ್ಷದಲ್ಲಿ ಕನಿಷ್ಠ ಒಂದು, ಗರಿಷ್ಠ ಮೂರು ಸಲ ಬರುತ್ತದೆ. ತಿಥಿಯೂ ಇದ್ದರೆ ಹಳೆಯ ಪಂಚಾಂಗ ತೆಗೆದು ಇನ್ನಷ್ಟು ಸೋಸಬಹುದು. ತುಣುಕಿನ ಹಿಂಬದಿಯನ್ನೂ ನೋಡಿ. ಸಿನಿಮಾ ಜಾಹೀರಾತು ಎಷ್ಟೋ ಸಲ ಇಸವಿ ಹೇಳಿಬಿಡುತ್ತದೆ. ಹೊಸದಾಗಿ ಕತ್ತರಿಸುವಾಗ ಪತ್ರಿಕೆಯ ಹೆಸರು, ತಾರೀಖನ್ನು ಅಂಚಿನಲ್ಲಿ ಪೆನ್ಸಿಲಿನಲ್ಲೇ ಬರೆಯಿರಿ. ನ್ಯೂಸ್‌ಪ್ರಿಂಟಿನಲ್ಲಿ ಶಾಯಿ ಹಿಂಬದಿಗೆ ಇಳಿದು ಅಕ್ಷರ ಕೆಡಿಸುತ್ತದೆ.