ಹೊಟ್ಟೆಯಿಂದ ನೀರು ಕುಡಿಯುವ ಪ್ರಾಣಿಗೆ ಎಂಥ ಮಣ್ಣು?

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಅದರ ಕೆಳಹೊಟ್ಟೆ, ತೊಡೆಗಳ ಭಾಗದ ಚರ್ಮ ತೀರಾ ತೆಳು. ಅಲ್ಲಿ ರಕ್ತನಾಳಗಳು ಒತ್ತೊತ್ತಾಗಿರುತ್ತವೆ. ಒದ್ದೆ ನೆಲಕ್ಕೆ ಮೈಯೊತ್ತಿ ಕುಳಿತರೆ ಸಾಕು, ನೀರು ಒಳಗಿಳಿಯುತ್ತದೆ. ನೀರಲ್ಲಿ ಕರಗಿದ್ದೂ ಜೊತೆಗೇ ಇಳಿಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಗಿಡ ನೆಟ್ಟು ಕಪ್ಪೆ ಸಾಕುವವರು ಸಾಮಾನ್ಯವಾಗಿ ಗಿಡಕ್ಕೆ ಯಾವುದು ಒಳ್ಳೆಯದೆಂದು ನೋಡಿ ಮಣ್ಣು ತರುತ್ತಾರೆ. ಎಡವಟ್ಟಾಗುವುದು ಅಲ್ಲೇ.

ನಮ್ಮ ನರ್ಸರಿಗಳಲ್ಲಿ ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ ಮಾರುತ್ತಾರೆ. ದಾಸವಾಳಕ್ಕೆ ಅದು ಮೃಷ್ಟಾನ್ನ. ಆದರೆ ಗೊಬ್ಬರದ ಲವಣ, ಅಮೋನಿಯಾ ಕಪ್ಪೆಯ ಚರ್ಮವನ್ನು ಸುಡುತ್ತವೆ. ಹೊಳೆಯುವ ಬಿಳಿ ಪರ್ಲೈಟ್ ಹರಳು, ಸಣ್ಣ ಜಲ್ಲಿ ಕೂಡ ಬೇಡ. ಕಪ್ಪೆಯ ನಾಲಿಗೆ ಅಂಟು. ಹುಳದ ಜೊತೆ ಕಲ್ಲೂ ಅಂಟಿ ಬಂದು ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ದೇವದಾರು, ಪೈನ್ ಹೊಟ್ಟಿನ ಘಮ ನಮಗೆ ಹಿತ, ಅದರ ಎಣ್ಣೆ ಕಪ್ಪೆಗೆ ಕಿರಿಕಿರಿ.

ಕೊಕೊಪೀಟ್, ಅಂದರೆ ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ, ಅಗ್ಗ ಮತ್ತು ಮೃದು. ಆದರೆ ತೆಂಗಿನ ಸಿಪ್ಪೆಯಲ್ಲೇ ಸೋಡಿಯಂ, ಪೊಟ್ಯಾಸಿಯಂ ಲವಣಗಳಿರುತ್ತವೆ. ಉಪ್ಪುನೀರಲ್ಲಿ ಕೊಳೆಹಾಕಿದ್ದಾದರೆ ಇನ್ನೂ ಹೆಚ್ಚು. ಮೂರು ನಾಲ್ಕು ನೀರಲ್ಲಿ ತೊಳೆದು ಹಿಂಡಿಯೇ ಬಳಸಬೇಕು. ಇನ್ನೊಂದು ತಕರಾರು: ಅದೊಂದನ್ನೇ ತುಂಬಿದರೆ ಕೆಲ ತಿಂಗಳಲ್ಲಿ ಕುಸಿದು ಕೆಸರಾಗುತ್ತದೆ, ಗಾಳಿಯಾಡದೆ ಕೊಳೆತ ಮೊಟ್ಟೆಯ ನಾತ ಬರುತ್ತದೆ.

ಇದಕ್ಕೆ ಹವ್ಯಾಸಿಗಳು ನೆಚ್ಚಿಕೊಂಡ ಪರಿಹಾರ ಅಮೆರಿಕದ ಅಟ್ಲಾಂಟಾ ಬೊಟಾನಿಕಲ್ ಗಾರ್ಡನ್‌ನಿಂದ ಬಂತು. ಹೆಸರಿನ ಮೊದಲಕ್ಷರ ಹಿಡಿದು ಅದನ್ನು 'ಎಬಿಜಿ ಮಿಕ್ಸ್' ಅನ್ನುತ್ತಾರೆ. ಮರಜರೀಗಿಡದ ನಾರು 2 ಪಾಲು, ಆರ್ಕಿಡ್‌ಗೆ ಹಾಕುವ ತೊಗಟೆ ಚೂರು 2, ಪೀಟ್ (ಜೌಗುನೆಲದಲ್ಲಿ ಅರೆಕೊಳೆತ ಸಸ್ಯದ ಪುಡಿ), ಸ್ಫ್ಯಾಗ್ನಮ್ ಪಾಚಿ, ಇದ್ದಿಲು ತಲಾ 1. ಇದರಲ್ಲಿ ಮಣ್ಣೇ ಇಲ್ಲ! ನಾರು, ತೊಗಟೆ ಬೇಗ ಕರಗದೆ ನಡುವೆ ಗಾಳಿಗೆ ಜಾಗ ಬಿಡುತ್ತವೆ. ಪಾಚಿ, ಪೀಟ್ ತೇವ ಹಿಡಿಯುತ್ತವೆ. ಬಿಲ ತೋಡಿ ಕೂರುವ ಪ್ಯಾಕ್‌ಮನ್ ಕಪ್ಪೆಗೆ ಮಾತ್ರ ಇದು ಒರಟು. ಅದಕ್ಕೆ ತೊಳೆದ ಕೊಕೊಪೀಟೇ ವಾಸಿ.

ಮಿಶ್ರಣದ ಕೆಳಗೆ ಸುಟ್ಟ ಜೇಡಿಯ ಹಗುರ ಗುಂಡುಗಳ ಪದರ, ನಡುವೆ ಜಾಲರಿ ಇದ್ದರೆ ಹೆಚ್ಚಾದ ನೀರು ಬಸಿದುಹೋಗುತ್ತದೆ. ಮೇಲೆ ಒಣ ಎಲೆ. ಕಾಡುಬಾದಾಮಿ ಎಲೆಯಾದೀತು, ಆದರೆ ರೋಗದ ಭಯವಿದೆ, ಕುದಿಸಿಯೇ ಹಾಕಿ. ಜಗತ್ತಿನಾದ್ಯಂತ ಕಪ್ಪೆಗಳನ್ನು ಕೊಂದ ಕೈಟ್ರಿಡ್ ಶಿಲೀಂಧ್ರವನ್ನು ವಿಜ್ಞಾನಿಗಳು 1999ರಲ್ಲಿ ಹೆಸರಿಟ್ಟು ವಿವರಿಸಿದ್ದು ವಾಷಿಂಗ್ಟನ್ ಮೃಗಾಲಯದಲ್ಲಿ ಸತ್ತ ನೀಲಿ ವಿಷಗಪ್ಪೆಯಿಂದ. ಅಂದರೆ ಗಾಜಿನ ಗೋಡೆ ರೋಗ ತಡೆಯುವುದಿಲ್ಲ. ಒಳ್ಳೆಯದೆಂದರೆ, ಆ ಶಿಲೀಂಧ್ರಕ್ಕೆ ಬಿಸಿಯೂ ಆಗದು, ಒಣಗುವುದೂ ಆಗದು.

ಎಲ್ಲ ಹಾಕಿದ ಮೇಲೆ ಒಂದು ಹಿಡಿ ಎತ್ತಿ ಹಿಂಡಿ ನೋಡಿ. ನಾಲ್ಕು ಹನಿ ಬಿದ್ದರೆ ಸರಿ, ಧಾರೆ ಬಂದರೆ ನೀರು ಜಾಸ್ತಿಯಾಗಿದೆ. ಆಮೇಲೆ ಕಸ, ಬೂಷ್ಟು ತಿನ್ನುವ ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಜೀವಿಗಳನ್ನು ಬಿಟ್ಟು, ಅವು ಹೆಚ್ಚಿಕೊಳ್ಳಲು ತಿಂಗಳು ಕಾಯಿರಿ. ಕಪ್ಪೆ ಬರುವುದು ಅದಾದ ಮೇಲೆ.