ಪೆಪ್ಟೈಡ್ ಕೂದಲಿಗೆ ಹಾಕುವ ಗೊಬ್ಬರ ಅಲ್ಲ

ಬಾಚಣಿಗೆಗೆ ಸಿಕ್ಕ ಒಂದು ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಬಿಳಿ ಗಂಟು ಕಾಣುತ್ತದೆ. 'ಅಯ್ಯೋ, ಬೇರೇ ಕಿತ್ತು ಬಂತು' ಅಂತ ಹೆದರುವವರೇ ಜಾಸ್ತಿ. ಅದು ಬೆಳೆದು ಮುಗಿದ ಕೂದಲಿನ ಒಣಗಿದ ಬುಡ, ಅಷ್ಟೇ. ಅದನ್ನು ಹುಟ್ಟಿಸಿದ ಗೂಡು ಇನ್ನೂ ನೆತ್ತಿಯೊಳಗೇ ಇದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ.

ಕೂದಲು ಬೆಳೆಸುತ್ತದೆ ಅಂತ ನೆತ್ತಿಗೆ ಹಚ್ಚುವ ಪೆಪ್ಟೈಡ್ ಸೀರಮ್ ಏನಾದರೂ ಮಾಡಬೇಕಾದರೆ ಆ ಗೂಡಿನಲ್ಲೇ ಮಾಡಬೇಕು. 'ಕೂದಲಿಗೆ ಪೋಷಣೆ' ಅನ್ನುವ ಮಾತು ಕೇಳಿದರೆ ನನಗೆ ತಾಳ್ಮೆ ಹೋಗುತ್ತದೆ. ಹೊರಗೆ ಕಾಣುವ ಕೂದಲಿಗೆ ಜೀವವೇ ಇಲ್ಲ, ಊಟ ಯಾರಿಗೆ? ಪೆಪ್ಟೈಡ್ ಅಂದರೆ ಕೆಲವೇ ಅಮೈನೋ ಆಮ್ಲಗಳ ಪುಟ್ಟ ಸರ. ಸೀರಮ್‌ಗೆ ಹಾಕುವ ಪೆಪ್ಟೈಡನ್ನು ಮಗುವಿನ ಕೈಲಿ ಅಂಗಡಿಗೆ ಕಳಿಸುವ ಚೀಟಿ ಅಂದುಕೊಳ್ಳಿ. ಚೀಟಿಯಲ್ಲಿ ಅಕ್ಕಿ ಇರುವುದಿಲ್ಲ, 'ಅಕ್ಕಿ ಕೊಡಿ' ಅಂತ ಬರೆದಿರುತ್ತದೆ. ಓದಿ ಕೆಲಸ ಮಾಡಬೇಕಾದ್ದು ಜೀವಕೋಶ.

ಇಂಥ ಒಂದು ಚೀಟಿ ಸಿಕ್ಕಿದ ಕಥೆ ನನಗೆ ಬಹಳ ಇಷ್ಟ. ಕೂದಲಿಗೂ ಅದಕ್ಕೂ ಆಗ ಸಂಬಂಧವೇ ಇರಲಿಲ್ಲ. ವಯಸ್ಸಾದವರ ಲಿವರ್ ಅಂಗಾಂಶವನ್ನು ಹರೆಯದವರ ರಕ್ತದ ಪ್ಲಾಸ್ಮಾದಲ್ಲಿ ಇಟ್ಟರೆ ಅದು ಹರೆಯದ ಲಿವರ್‌ನಂತೆ ಪ್ರೊಟೀನ್ ತಯಾರಿಸುತ್ತಿತ್ತು. ಕಾರಣ ಹುಡುಕುತ್ತಾ ಹೋದ ವಿಜ್ಞಾನಿ ಲೋರೆನ್ ಪಿಕಾರ್ಟ್ ಅವರಿಗೆ 1973ರಲ್ಲಿ ಸಿಕ್ಕಿದ್ದು ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಅನ್ನುವ ಮೂರೇ ಮಣಿಗಳ ಸರ. ಹೆಸರು ಜಿಎಚ್‌ಕೆ. ತಾಮ್ರ ಕಂಡರೆ ಸಾಕು, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕಾಪರ್ ಪೆಪ್ಟೈಡ್ ಸೀರಮ್ ಮೈಲುತುತ್ತದ ಹಾಗೆ ನೀಲಿಯಾಗಿರುವುದು ಅದಕ್ಕೇ.

ಚೀಟಿ ಬರೆದರೆ ಸಾಲದು, ತಲುಪಬೇಕಲ್ವಾ? ಅಣುಗಳ ತೂಕ ಅಳೆಯುವುದು ಡಾಲ್ಟನ್ ಲೆಕ್ಕದಲ್ಲಿ. ಸುಮಾರು 500 ಡಾಲ್ಟನ್‌ಗಿಂತ ಭಾರದ ಅಣು ಚರ್ಮದ ಮೇಲ್ಪದರ ದಾಟುವುದು ಕಷ್ಟ. ಕೂದಲು ಆಗಿರುವ ಕೆರಾಟಿನ್ ಅನ್ನುವ ಪ್ರೊಟೀನ್ ಹತ್ತಾರು ಸಾವಿರ ಡಾಲ್ಟನ್ ತೂಗುತ್ತದೆ, ಒಳಗೆ ಹೋಗುವ ಮಾತೇ ಇಲ್ಲ. ಜಿಎಚ್‌ಕೆ ತೂಕ ಸುಮಾರು 340. ಆದರೂ ತೊಡಕಿದೆ. ಮೇಲ್ಪದರ ಜಿಡ್ಡಿನದು, ಪೆಪ್ಟೈಡ್ ನೀರಿನ ಜಾತಿ. ಕೈಗಂಟಿದ ಹಲಸಿನ ಮೇಣ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಇಲ್ಲೂ ಅದೇ ಲೆಕ್ಕ. ಅದಕ್ಕೇ ಪೆಪ್ಟೈಡ್‌ಗೆ ಕೊಬ್ಬಿನ ಬಾಲ ಕಟ್ಟುತ್ತಾರೆ. ಲೇಬಲ್ ಮೇಲೆ 'ಪಾಮಿಟಾಯ್ಲ್' ಅಂತ ಇದ್ದರೆ ಅದೇ ಆ ಬಾಲ. ಇಷ್ಟೆಲ್ಲ ಒದ್ದಾಟ ಇರುವಾಗ, ಎರಡು ನಿಮಿಷಕ್ಕೆ ತೊಳೆದು ಹೋಗುವ ಶಾಂಪೂವಿನಲ್ಲಿ ಪೆಪ್ಟೈಡ್ ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಸೀರಮ್ ಆದರೂ ಕೆಲಸ ಮಾಡುತ್ತದಾ? ಕೂದಲು ಉದುರುವುದಕ್ಕೆ ಹಚ್ಚುವ ಔಷಧಿ ಮಿನಾಕ್ಸಿಡಿಲ್‌ಗೆ ಇರುವಷ್ಟು ಗಟ್ಟಿ ಪುರಾವೆ ಇದಕ್ಕಿಲ್ಲ. ಆಗಿರುವ ಪ್ರಯೋಗಗಳು ಚಿಕ್ಕವು. ಎಷ್ಟೋ ಕಡೆ ಪೆಪ್ಟೈಡ್ ಜೊತೆ ಗಿಡದ ಸಾರಗಳೂ ಬೆರೆತಿರುತ್ತವೆ, ಯಾವುದರಿಂದ ಏನಾಯಿತು ಅಂತ ಬಿಡಿಸಿ ಹೇಳಲು ಆಗುವುದಿಲ್ಲ.

ಇನ್ನೊಂದು ಗೊಂದಲವೂ ಇದೆ. ಹೆರಿಗೆ, ಡೆಂಗ್ಯೂ, ಟೈಫಾಯ್ಡ್ ಆಗಿ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ಹೆದರಿದ ಬಾಣಂತಿ ಆಗಲೇ ಸೀರಮ್ ತರಿಸುತ್ತಾಳೆ. ಕೆಲವು ತಿಂಗಳಲ್ಲಿ ಹಣೆಯ ಅಂಚಿಗೆ ಎಳೆಗೂದಲು ಮೂಡುತ್ತದೆ. ಬಹುತೇಕರಿಗೆ ಏನೂ ಹಚ್ಚದಿದ್ದರೂ ಅದು ಮೂಡುತ್ತಿತ್ತು.