ಡಿಸೆಂಬರ್ ಚಳಿಗೆ ಜೇನು ಪೆಟ್ಟಿಗೆಗೆ ನುಸಿ ಮದ್ದು ಹಾಕಬೇಕೇ?

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಆರು ಪೆಟ್ಟಿಗೆ ತುಡುವೆ (ನಮ್ಮ ನಾಡಿನ ಸಾಕು ಜೇನು) ಇದೆ, ಈ ವರ್ಷ ಎರಡು ಪೆಟ್ಟಿಗೆ ಮೆಲ್ಲಿಫೆರಾ (ಹೊರದೇಶದ ಸಾಕು ಜೇನು) ತಂದೆ. ವಿದೇಶದವರ ವಿಡಿಯೊಗಳಲ್ಲಿ ಡಿಸೆಂಬರ್‌ ತಿಂಗಳಲ್ಲಿ ವರೋವಾ ನುಸಿಗೆ ಆಕ್ಸಾಲಿಕ್ ಆಮ್ಲ ಹಾಕುತ್ತಾರೆ. ನಮ್ಮಲ್ಲೂ ಈಗ ಬೆಳಗಿನ ಜಾವ ಮೈ ಕೊರೆಯುವ ಚಳಿ. ನಾನೂ ಹಾಕಲೇ?

ಉತ್ತರ: ತುಡುವೆಗೆ ಬೇಡ. ಮೆಲ್ಲಿಫೆರಾಕ್ಕೆ ಬೇಕಾಗಬಹುದು, ಆದರೆ ಮೊದಲು ನುಸಿ ಎಷ್ಟಿದೆ ಎಂದು ಎಣಿಸಿ ನೋಡಿ. ಹಾಕುವುದಾದರೂ ವಿಡಿಯೊದಲ್ಲಿ ಕಂಡ ಹಾಗೆ ಹಾಕಿದರೆ ಇಲ್ಲಿ ಫಲ ಸಿಗದು.

ಹುತ್ತರಿ ಕಳೆದು ಅರೇಬಿಕಾ ಕೊಯ್ಲು ಬಿರುಸಾಗುವ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಕೇಳುವವರೆಲ್ಲ ಜೇನಿನ ಮೇಲೆ ಪ್ರೀತಿ ಇರುವವರೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯುರೋಪು, ಅಮೆರಿಕದ ಚಳಿ ದೇಶಗಳಲ್ಲಿ ಡಿಸೆಂಬರ್ ಬಂತೆಂದರೆ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಜೇನೆಲ್ಲ ಒಂದು ಮುದ್ದೆಯಾಗಿ ಕಾವು ಕಾಯುತ್ತಾ ಕೂರುತ್ತವೆ. ಮೇಣದ ಎರಿಯಲ್ಲಿ ಮೊಟ್ಟೆ ಇಲ್ಲ, ಮರಿ ಇಲ್ಲ, ಮುಚ್ಚಿದ ಕೋಶವೂ ಇಲ್ಲ. ವರೋವಾ ಹೆಣ್ಣು ನುಸಿ ಮರಿ ಮಾಡುವುದು ಮುಚ್ಚಿದ ಕೋಶದೊಳಗೆ. ಕೋಶ ಮುಚ್ಚುವ ತುಸು ಮೊದಲು ಒಳಗೆ ನುಗ್ಗಿ, ಹುಳುವಿನ ಆಹಾರದ ಅಡಿಯಲ್ಲಿ ಅವಿತುಕೊಂಡು, ಮುಚ್ಚಳ ಬಿದ್ದ ಮೇಲೆ ಮೊಟ್ಟೆ ಇಡುತ್ತದೆ. ಆಕ್ಸಾಲಿಕ್ ಆಮ್ಲ ಮೇಣದ ಮುಚ್ಚಳ ದಾಟಿ ಒಳಗೆ ಹೋಗಲಾರದು. ಜೇನಿನ ಮೈಮೇಲೆ ಕೂತ ನುಸಿಯನ್ನಷ್ಟೇ ಕೊಲ್ಲುತ್ತದೆ. ಮುಚ್ಚಿದ ಕೋಶವೇ ಇಲ್ಲದ ಅಲ್ಲಿನ ಡಿಸೆಂಬರ್‌ನಲ್ಲಿ ನುಸಿಗೆ ಅವಿತುಕೊಳ್ಳಲು ಜಾಗವಿಲ್ಲ, ಒಂದೇ ಸಲಕ್ಕೆ ಬಹುಪಾಲು ಸಾಯುತ್ತವೆ. ಆ ವಿಡಿಯೊದ ಗುಟ್ಟು ಇಷ್ಟೇ.

ಕೊಡಗಿನ ಡಿಸೆಂಬರ್ ಬೇರೆ. ರಾತ್ರಿ ಎಷ್ಟೇ ಚಳಿ ಇರಲಿ, ಹತ್ತು ಗಂಟೆಗೆ ಬಿಸಿಲು ಏರಿದ ಮೇಲೆ ಪೆಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿ. ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುತ್ತಲೇ ಇರುತ್ತವೆ. ಪರಾಗ ಬರುತ್ತಿದೆ ಎಂದರೆ ಒಳಗೆ ಮರಿ ಬೆಳೆಯುತ್ತಿದೆ ಎಂದೇ ಅರ್ಥ. ಕಾಫಿ ಹೂವಿಗೆ ಕುಟುಂಬ ಸಜ್ಜಾಗುವ ಕಾಲವಿದು. ಈಗ ಆಮ್ಲ ಸುರಿದರೆ ಹೊರಗಿನ ನುಸಿ ಸತ್ತು, ಕೋಶದೊಳಗಿನದು ವಾರ ಕಳೆದು ಹೊರಬರುತ್ತದೆ. ಮದ್ದಿನ ಪೆಟ್ಟು ಮಾತ್ರ ಎಳೆಯ ಜೇನಿಗೆ ಬೀಳುತ್ತದೆ.

ನಮ್ಮ ಜೇನಿಗೆ ನಿಜವಾದ ಚಳಿಗಾಲ ಬರುವುದು ಕಕ್ಕಡದಲ್ಲಿ (ಜುಲೈ-ಆಗಸ್ಟ್). ಎಡೆಬಿಡದ ಮಳೆ, ಹೊರಗೆ ಹೋಗುವಂತಿಲ್ಲ, ಹೂವಿದ್ದರೂ ಮಕರಂದ ತೊಳೆದುಹೋಗಿರುತ್ತದೆ. ರಾಣಿ ಮೊಟ್ಟೆ ಇಡುವುದು ತೀರಾ ಇಳಿಯುವುದು ಆಗ. ಆದರೆ ಆ ತಿಂಗಳಲ್ಲಿ ಹಸಿದು ಸೊರಗಿದ ಕುಟುಂಬಕ್ಕೆ ಆಮ್ಲ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆಗ ಬೇಕಾದದ್ದು ಸಕ್ಕರೆ ಪಾಕ, ಒಣ ಅಡಿಹಲಗೆ, ಸ್ಟ್ಯಾಂಡಿನ ಕಾಲಿಗೆ ನೀರು ತುಂಬಿದ ಬಟ್ಟಲು. ಕಳೆದ ಮಳೆಗಾಲದಲ್ಲಿ ಇರುವೆಗೆ ಪೆಟ್ಟಿಗೆ ಕಳೆದುಕೊಂಡವರು ನಮ್ಮ ಅಕ್ಕಪಕ್ಕದಲ್ಲೇ ಇದ್ದಾರೆ. ನುಸಿಗೆ ಕಳೆದುಕೊಂಡ ತುಡುವೆ ಸಾಕಣೆಗಾರರನ್ನು ನಾನು ಕಂಡಿಲ್ಲ.

ಅದಕ್ಕೆ ಕಾರಣವಿದೆ. ವರೋವಾ ಹುಟ್ಟಿನಿಂದಲೂ ತುಡುವೆಯ ಜಾತಿಗೇ ಅಂಟಿಕೊಂಡ ನುಸಿ. 1904ರಲ್ಲಿ ಮೊದಲು ಗುರುತಿಸಿ ಹೆಸರಿಟ್ಟ ವರೋವಾ ಜಾವಾ ದ್ವೀಪದಲ್ಲಿ ಸಿಕ್ಕಿದ್ದು ಈ ಜಾತಿಯ ಮೈಮೇಲೆಯೇ. ಇಂದು ಜಗತ್ತಿನಾದ್ಯಂತ ಮೆಲ್ಲಿಫೆರಾವನ್ನು ಕಾಡುತ್ತಿರುವುದು ಅದರ ಹತ್ತಿರದ ಬಳಗ. ಅದು ಬೇರೆ ಜಾತಿ ಎಂದು ಬಿಡಿಸಿ ಹೇಳಿದ್ದು 2000ರಲ್ಲಿ. ಲಕ್ಷಾಂತರ ವರ್ಷ ಒಟ್ಟಿಗೆ ಬಾಳಿದ್ದರಿಂದ ತುಡುವೆ ಅದರ ಪಟ್ಟುಗಳನ್ನೆಲ್ಲ ಕಲಿತಿದೆ. ಮೈಮೇಲೆ ನುಸಿ ಏರಿದರೆ ಮೈ ಒದರುತ್ತದೆ, ಪಕ್ಕದ ಜೇನು ಬಂದು ದವಡೆಯಿಂದ ಕಚ್ಚಿ ತೆಗೆಯುತ್ತದೆ. ಕೆಲಸಗಾರ ಜೇನಿನ ಕೋಶಕ್ಕೆ ನುಸಿ ಹೊಕ್ಕರೂ ಅಲ್ಲಿ ಅದು ಮರಿ ಮಾಡುವುದು ಅಪರೂಪ. ಮಾಡುವುದೇನಿದ್ದರೂ ಗಂಡು ಕೋಶದಲ್ಲಿ. ಆ ಕೋಶದಲ್ಲಿ ನುಸಿ ಹೆಚ್ಚಾಗಿ ಗಂಡುಮರಿ ಸೊರಗಿದರೆ ಮುಚ್ಚಳ ಒಡೆದು ಬರುವ ಶಕ್ತಿ ಅದಕ್ಕಿರದು. ಜೇನುಗಳೂ ಅದನ್ನು ತೆರೆಯುವುದಿಲ್ಲ. ಮರಿಯ ಜೊತೆಗೇ ನುಸಿಯೂ ಅಲ್ಲೇ ಸಮಾಧಿ.

ಇಲ್ಲೊಂದು ಎಚ್ಚರ. ಹೊಸಬರು ಎರಿ ಎತ್ತಿ ನೋಡಿದಾಗ ಗಾಬರಿಯಾಗುವುದು ಗಂಡು ಕೋಶದ ಮುಚ್ಚಳ ಕಂಡು. ತುಡುವೆಯ ಗಂಡು ಕೋಶದ ಮುಚ್ಚಳ ಗೋಪುರದಂತೆ ಉಬ್ಬಿರುತ್ತದೆ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಅದು ನುಸಿ ಕೊರೆದ ತೂತಲ್ಲ, ರೋಗವೂ ಅಲ್ಲ. ತುಡುವೆಯಲ್ಲಿ ಅದು ಇರಬೇಕಾದ್ದೇ. ನುಸಿ ಇದೆಯೇ ಎಂದು ತಿಳಿಯಬೇಕಾದರೆ ಆ ಮುಚ್ಚಳವನ್ನು ಮೆಲ್ಲಗೆ ಎತ್ತಿ ಮರಿಯನ್ನು ಚಿಮಟದಿಂದ ಹೊರಗೆ ತೆಗೆಯಿರಿ. ಹಾಲುಬಿಳಿ ಮೈ, ನೇರಳೆ ಬಣ್ಣಕ್ಕೆ ತಿರುಗುತ್ತಿರುವ ಕಣ್ಣು. ಆ ಬಿಳಿಯ ಮೇಲೆ ಸಾಸಿವೆಗಿಂತ ಚಿಕ್ಕದಾದ, ಚಪ್ಪಟೆಯಾದ, ಕಂದುಗೆಂಪು ಬಣ್ಣದ ಚುಕ್ಕಿ ಮೆಲ್ಲಗೆ ಅಡ್ಡಡ್ಡ ಹರಿದಾಡಿದರೆ ಅದೇ ವರೋವಾ. ಒಂದೆರಡು ಕಂಡರೆ ತುಡುವೆಯ ಪೆಟ್ಟಿಗೆ ಮುಚ್ಚಿ ಸುಮ್ಮನಿರಿ. ಮದ್ದಿನ ಘಾಟು ತಾಗಿದ ತುಡುವೆ ಎರಿ, ಮರಿ ಎಲ್ಲ ಬಿಟ್ಟು ಹಾರಿಹೋಗುವುದುಂಟು.

ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ಸಾಕಣೆ ಶುರುಮಾಡಿದ ಎರಡನೇ ವರ್ಷ ಒಂದು ತುಡುವೆ ಕುಟುಂಬದಲ್ಲಿ ಮರಿಗಳು ಸಾಯತೊಡಗಿದವು. ನುಸಿಯೇ ಎಂದು ತೀರ್ಮಾನಿಸಿ ಚೌಕಟ್ಟುಗಳ ಮೇಲೆ ಗಂಧಕದ ಪುಡಿ ಉದುರಿಸಿದೆ. ಮೂರು ವಾರದಲ್ಲಿ ಪೆಟ್ಟಿಗೆ ಖಾಲಿ. ಆಮೇಲೆ ಹಿರಿಯರೊಬ್ಬರು ಎರಿಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಸತ್ತ ಹುಳುಗಳು ಕೋಶದಲ್ಲಿ ಉದ್ದಕ್ಕೆ ಮಲಗಿದ್ದವು, ತಲೆ ಮಾತ್ರ ದೋಣಿಯ ಮೂತಿಯಂತೆ ಮೇಲಕ್ಕೆದ್ದಿತ್ತು. ಚಿಮಟದಿಂದ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲ. ವಾಸನೆಯೇ ಇಲ್ಲ. ಅದು ಥಾಯ್ ಸ್ಯಾಕ್‌ಬ್ರೂಡ್, ವೈರಸ್ ರೋಗ. 1991-92ರಲ್ಲಿ ದಕ್ಷಿಣ ಭಾರತದ ತುಡುವೆಯನ್ನು ಬಹುಮಟ್ಟಿಗೆ ಅಳಿಸಿ, ಕೊಡಗಿನ ಮನೆ ಮನೆಯ ಪೆಟ್ಟಿಗೆಗಳನ್ನು ಖಾಲಿ ಮಾಡಿದ್ದು ಇದೇ. ನುಸಿ ಮದ್ದಿನಿಂದ ಇದಕ್ಕೆ ಏನೂ ಆಗದು. ರೋಗದ ಎರಿ ತೆಗೆದು ಸುಡಬೇಕು, ಬೇರೆ ಪೆಟ್ಟಿಗೆಗೆ ಎರಿ ದಾಟಿಸಬಾರದು, ರೋಗ ತಡೆದು ನಿಂತ ಕುಟುಂಬದಿಂದ ರಾಣಿ ಎಬ್ಬಿಸಿಕೊಳ್ಳಬೇಕು. ನಿಮ್ಮ ಆರು ತುಡುವೆ ಪೆಟ್ಟಿಗೆಗಳಲ್ಲಿ ನೀವು ಹುಡುಕಬೇಕಾದ್ದು ಈ ಚೀಲಗಳನ್ನು.

ಇನ್ನು ಮೆಲ್ಲಿಫೆರಾ. ಅದಕ್ಕೆ ವರೋವಾ ಹೊಸ ಶತ್ರು, ತಡೆಯುವ ವಿದ್ಯೆ ಕಡಿಮೆ. ನುಸಿ ಕೆಲಸಗಾರ ಕೋಶದಲ್ಲೂ ಮರಿ ಮಾಡುತ್ತದೆ, ಜೇನಿನ ಕೊಬ್ಬಿನ ಅಂಗಾಂಶವನ್ನೇ ತಿನ್ನುತ್ತದೆ, ರೆಕ್ಕೆ ಮುದುಡುವ ವೈರಸ್ಸನ್ನು ಹರಡುತ್ತದೆ. ಪೆಟ್ಟಿಗೆ ಮುಂದೆ ರೆಕ್ಕೆ ಸುಕ್ಕಾದ ಎಳೆ ಜೇನು ತೆವಳುತ್ತಿದ್ದರೆ ಆಗಲೇ ತಡವಾಗಿದೆ.

ಎಣಿಸುವುದು ಹೀಗೆ. ಮರಿ ಬೆಳೆಯುವ ಸಂಸಾರ ಕೋಣೆಯಿಂದ ಮರಿ ಇರುವ ಒಂದು ಚೌಕಟ್ಟು ತೆಗೆದು, ರಾಣಿ ಅದರಲ್ಲಿಲ್ಲ ಎಂದು ಎರಡು ಸಲ ನೋಡಿಕೊಂಡು, ಅರ್ಧ ಕಪ್ ಜೇನುನೊಣಗಳನ್ನು ಬಾಟಲಿಗೆ ಉದುರಿಸಿ. ಸುಮಾರು 300 ಜೇನು ಬರುತ್ತವೆ. ಬಾಯಿಗೆ ಜಾಲರಿ ಕಟ್ಟಿ, ಎರಡು ಚಮಚ ಪುಡಿ ಸಕ್ಕರೆ ಹಾಕಿ, ಜೇನೆಲ್ಲ ಬೆಳ್ಳಗಾಗುವಂತೆ ಉರುಳಿಸಿ ಎರಡು ನಿಮಿಷ ಬಿಡಿ. ಆಮೇಲೆ ಬಾಟಲಿ ತಲೆಕೆಳಗು ಮಾಡಿ ಬಿಳಿ ತಟ್ಟೆಯ ಮೇಲೆ ಜೋರಾಗಿ ಅಲ್ಲಾಡಿಸಿ. ತಟ್ಟೆಗೆ ನೀರು ಚಿಮುಕಿಸಿದರೆ ಸಕ್ಕರೆ ಕರಗಿ ಕೆಂಪು ನುಸಿಗಳು ಉಳಿಯುತ್ತವೆ. ಜೇನನ್ನು ಮರಳಿ ಪೆಟ್ಟಿಗೆಗೆ ಬಿಡಿ. ಉಳಿದವು ಅವುಗಳ ಮೈ ನೆಕ್ಕಿ ಚೊಕ್ಕಟ ಮಾಡುತ್ತವೆ. ನೂರು ಜೇನಿಗೆ ಮೂರು, ಅಂದರೆ ಒಟ್ಟು ಒಂಬತ್ತು ನುಸಿ ದಾಟಿದರೆ ಕೈಕಟ್ಟಿ ಕೂರುವಂತಿಲ್ಲ.

ಆಕ್ಸಾಲಿಕ್ ಆಮ್ಲ ಬಳಸಲೇಬೇಕೆಂದರೆ ಮುಚ್ಚಿದ ಕೋಶ ಇಲ್ಲದ ಸ್ಥಿತಿಯನ್ನು ನಾವೇ ತರಬೇಕು. ರಾಣಿಯನ್ನು ಪಂಜರದಲ್ಲಿಟ್ಟು 24 ದಿನ ಕಾದರೆ ಗಂಡು ಮರಿಗಳೂ ಸೇರಿ ಎಲ್ಲ ಹೊರಬಂದಿರುತ್ತವೆ. ಆಗ ಒಂದು ಲೀಟರ್ ಸಕ್ಕರೆ ಪಾಕಕ್ಕೆ 35 ಗ್ರಾಂ ಆಮ್ಲ ಕರಗಿಸಿ, ಎರಡು ಎರಿಗಳ ನಡುವಿನ ಪ್ರತಿ ಸಂದಿಗೆ 5 ಮಿ.ಲೀ. ಒಂದೇ ಸಲ, ಇಡೀ ಪೆಟ್ಟಿಗೆಗೆ 50 ಮಿ.ಲೀ. ಮೀರಬಾರದು. ಆದರೆ ಲೆಕ್ಕ ಹಾಕಿ. ರಾಣಿ ಬಿಟ್ಟ ಮೇಲೆ ಮೊಟ್ಟೆ ಜೇನಾಗಲು 21 ದಿನ, ಆ ಜೇನು ಹೂವಿಗೆ ಹೋಗಲು ಇನ್ನು ಸುಮಾರು ಮೂರು ವಾರ. ಕಾವೇರಿ ಸಂಕ್ರಮಣದ (ಅಕ್ಟೋಬರ್ ನಡುವಿನ) ಹೊತ್ತಿಗೆ ರಾಣಿಯನ್ನು ಪಂಜರಕ್ಕೆ ಹಾಕಿದ್ದರೆ ಕಾಫಿ ಹೂವಿಗೆ ಕುಟುಂಬ ತುಂಬಿರುತ್ತಿತ್ತು. ಈಗ ಶುರುಮಾಡಿದರೆ ಹೂಮಳೆ ಬಿದ್ದು ತೋಟ ಬೆಳ್ಳಗಾದ ದಿನ ನಿಮ್ಮ ಪೆಟ್ಟಿಗೆಯಲ್ಲಿ ದುಡಿಯುವವರು ಸಾಲುವುದಿಲ್ಲ. ಕಾಫಿ ಹೂವು ಯಾರಿಗೂ ಕಾಯುವುದಿಲ್ಲ, ಕೆಲವೇ ದಿನ.

ಹಾಗಾಗಿ ಈ ವರ್ಷ ಎಣಿಕೆ ಹೆಚ್ಚು ಬಂದರೆ ನಾನು ಹೇಳುವುದು ಫಾರ್ಮಿಕ್ ಆಮ್ಲ. ಅದರ ಆವಿ ಮುಚ್ಚಳ ದಾಟಿ ಒಳಗಿನ ನುಸಿಯನ್ನೂ ತಲುಪುತ್ತದೆ. ಹಗಲಿನ ಬಿಸಿ 10ರಿಂದ 29 ಡಿಗ್ರಿಯೊಳಗೆ ಇರಬೇಕು. ನಮ್ಮ ಡಿಸೆಂಬರ್ ಹಗಲು ಅದಕ್ಕೆ ಸರಿಹೊಂದುತ್ತದೆ, ಮಾರ್ಚ್ ಬಿಸಿಲಲ್ಲಿ ಹಾಕಿದರೆ ರಾಣಿಯನ್ನೇ ಕಳೆದುಕೊಳ್ಳುತ್ತೀರಿ. ಇದು ಚರ್ಮ ಸುಡುವ, ಕಣ್ಣು ಕೆಡಿಸುವ ಆಮ್ಲ. ರಬ್ಬರ್ ಕೈಗವಸು, ಕನ್ನಡಕ ಇಲ್ಲದೆ ಬಾಟಲಿ ಮುಚ್ಚಳ ತೆಗೆಯಬೇಡಿ. ಅಳತೆಯನ್ನು ಪೆಟ್ಟಿಗೆ ತೋರಿಸಿ, ತೋಟಗಾರಿಕೆ ಇಲಾಖೆಯ ಜೇನು ವಿಭಾಗದವರಲ್ಲಿ ಅಥವಾ ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಕೇಳಿ ಪಡೆಯಿರಿ. ಜೊತೆಗೆ ಗಂಡು ಕೋಶಗಳ ಎರಿ ಮುಚ್ಚಿದ ಕೂಡಲೇ ಕತ್ತರಿಸಿ ತೆಗೆಯುತ್ತಿರಿ, ನುಸಿ ಹೆಚ್ಚು ಸೇರುವುದು ಅಲ್ಲಿಗೇ.

ತುಪ್ಪ ತುಂಬುವ ಜೇನು ಕೋಣೆ ಏರಿಸಿದ ಮೇಲೆ ಯಾವ ಮದ್ದೂ ಬೇಡ. ಎಣಿಸಿದ ಸಂಖ್ಯೆ, ತಾರೀಕು ಎರಡನ್ನೂ ಪೆಟ್ಟಿಗೆ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಮುಂದಿನ ಎಣಿಕೆ ಸೆಪ್ಟೆಂಬರ್ ಮೊದಲಿನ ಕೈಲ್ ಮುಹೂರ್ತ ಕಳೆದು ಮಳೆ ಬಿಟ್ಟ ಮೇಲೆ.